ಹೊಳೆಯ ನೆತ್ತಿಯಲ್ಲಿರುವವರು

(ಬಾನುಲಿ ಭಾಷಣ)

ಮಲೆನಾಡಿನವರಾದ ನಮಗೆ ಹೊಳೆಯೆಂದರೆ ಎಲ್ಲವನ್ನೂ ಕೊಂಡೊಯ್ಯುವಂಥದು. ಆಷಾಢದ ಮಳೆಯಲ್ಲಿ ಅದು ಮರದ ದಿಮ್ಮಿಯನ್ನೂ ಒಯ್ಯುತ್ತದೆ, ದಾಟುವ ಸಂಕವನ್ನೂ ಒಯ್ಯುತ್ತದೆ. ಹಾಗೆಯೇ ನಮ್ಮ ಮನೆಯ ಕಸವನ್ನೂ ಒಯ್ದರೆ ತಪ್ಪೇನು ಎಂಬ ಭಾವನೆ ಬಹುಕಾಲದಿಂದ ನಮ್ಮಲ್ಲಿ ಬೇರೂರಿದೆ. ಎಲ್ಲಿಗೆ ಒಯ್ಯುತ್ತದೆ ಎಂದು ಮಾತ್ರ ನಾವು ಕೇಳಿಕೊಂಡವರಲ್ಲ. ಆ ಪ್ರಶ್ನೆಯನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಚಿಕ್ಕಮಗಳೂರು ಜಿಲ್ಲೆಯ ಭೂಪಟವನ್ನು ಬಿಡಿಸಿ ನೋಡಿ. ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರುಗಳ ಮೇಲೆ ಹರಿದು ಲಕ್ಕವಳ್ಳಿಯ ಅಣೆಕಟ್ಟನ್ನು ಸೇರುತ್ತದೆ. ಮುಂದೆ ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು, ಕೃಷ್ಣೆಯ ಮೂಲಕ ಮೂಡಣ ಕಡಲಿಗೆ ಹೋಗುತ್ತದೆ. ಅದೇ ಬೆಟ್ಟಸಾಲಿನ ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನ ಬಾಯಾರಿಕೆಯನ್ನು ತಣಿಸುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಮೂಡುವ ಹೇಮಾವತಿ ಗೊರೂರಿನ ಜಲಾಶಯವನ್ನು ಹೊಕ್ಕು ಕಾವೇರಿಯತ್ತ ಸಾಗುತ್ತದೆ. ಬಯಲುಸೀಮೆಯ ಊರಿನವರು, ನಮ್ಮ ಹೊಳೆಯ ಕೊಳೆ ಮೇಲಿನಿಂದ ಬಂದದ್ದು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ನಮಗೆ ಆ ಮಾತಿಗೆ ಅವಕಾಶವಿಲ್ಲ. ನಮಗಿಂತ ಮೇಲೆ ಮೋಡವಲ್ಲದೆ ಬೇರೆ ಯಾರೂ ಇಲ್ಲ.

ನಮ್ಮ ಜನಕ್ಕೆ ಹೊಳೆಯ ಮೇಲೆ ಅಕ್ಕರೆಯಿಲ್ಲವೆನ್ನುವಂತಿಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಭದ್ರೆಯ ತವರಿನಲ್ಲೇ ಬೆಟ್ಟ ಅಗೆಯತೊಡಗಿತು. ವರ್ಷಕ್ಕೆ 6,000 ಮಿಲಿಮೀಟರಿನಷ್ಟು ಮಳೆ ಸುರಿಯುವ ನೆಲವದು. ಅಗೆದ ಮಣ್ಣು ಮಳೆನೀರಿನೊಡನೆ ಹೊಳೆಗಿಳಿಯದಂತೆ ತಡೆಯುವುದು ಸುಲಭವಲ್ಲ. ಹೊಳೆ ಹೂಳಿನಿಂದ ಕೆಡುವುದನ್ನು ಕಂಡು ದಂಡೆಯ ರೈತರೂ ವಿದ್ಯಾರ್ಥಿಗಳೂ ಪರಿಸರಾಸಕ್ತರೂ ಒಟ್ಟುಗೂಡಿದರು. ಕುದುರೆಮುಖ ರಾಷ್ಟ್ರೀಯ ಉದ್ಯಾನ ವಿಮೋಚನಾ ಒಕ್ಕೂಟ ಹುಟ್ಟಿಕೊಂಡಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರು ವಿಷಯವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. 2002ರ ಅಕ್ಟೋಬರ್ 30ರ ತೀರ್ಪು ಗಣಿಗಾರಿಕೆಗೆ 2005ರ ಕೊನೆಯ ಗಡುವನ್ನು ವಿಧಿಸಿತು; ಆ ವರ್ಷ ಕಳೆಯುವುದರೊಂದಿಗೆ ಅಗೆತವೂ ನಿಂತಿತು.

ಅದು ದೊಡ್ಡ ಗೆಲುವು. ಆದರೆ ಅಲ್ಲಿ ಎದುರಾಳಿ ಒಬ್ಬನೇ ಇದ್ದ, ಅವನಿಗೊಂದು ಹೆಸರಿತ್ತು, ಬೆರಳು ತೋರಿಸಬಹುದಿತ್ತು. ಈಗ ಹೊಳೆಯನ್ನು ಕೆಡಿಸುತ್ತಿರುವವನಿಗೆ ಅಂಥ ಹೆಸರಿಲ್ಲ. ಅವನು ನಮ್ಮ ನಿಮ್ಮೆಲ್ಲರ ಅಡುಗೆಮನೆಯಲ್ಲಿದ್ದಾನೆ. ಅವನ ಮೇಲೆ ಯಾವ ನ್ಯಾಯಾಲಯದಲ್ಲಿ ದಾವೆ ಹೂಡೋಣ?

ಹಿಂದಿನ ಮಲೆನಾಡಿನ ಮನೆಯಲ್ಲಿ ಕಸವೆಂಬುದು ಇರಲಿಲ್ಲವೆಂದೇ ಹೇಳಬೇಕು. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿನ ಬಾಯಿಗೆ ಹೋಗುತ್ತಿತ್ತು. ಕೊಟ್ಟಿಗೆಯ ಸೊಪ್ಪು, ಒಲೆಯ ಬೂದಿ, ಊಟ ಮಾಡಿದ ಬಾಳೆಯೆಲೆ ಎಲ್ಲವೂ ಗೊಬ್ಬರದ ಗುಂಡಿಯನ್ನು ಸೇರಿ ತೋಟಕ್ಕೆ ಮರಳುತ್ತಿದ್ದವು. ಮನೆಯ ಹಿಂದಿನ ಇಳಿಜಾರಿಗೆ ಏನನ್ನು ಎಸೆದರೂ ಮಣ್ಣು ಅದನ್ನು ತಿಂದು ಅರಗಿಸಿಕೊಳ್ಳುತ್ತಿತ್ತು. ಆ ಅಭ್ಯಾಸದಲ್ಲಿ ದೋಷವಿರಲಿಲ್ಲ. ವಸ್ತು ಬದಲಾಯಿತು, ಕೈ ಬದಲಾಗಲಿಲ್ಲ. ಹಾಲಿನ ಪೊಟ್ಟಣ, ಶಾಂಪೂವಿನ ಪುಟ್ಟ ಚೀಟಿ, ಕೀಟನಾಶಕದ ಡಬ್ಬಿ, ಮಗುವಿನ ಡೈಪರು ಇವೆಲ್ಲವೂ ಅದೇ ಇಳಿಜಾರಿಗೆ ಬಿದ್ದವು. ಮಣ್ಣು ಇವನ್ನು ಮುಟ್ಟಲಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆ ಅವನ್ನು ಹಳ್ಳಕ್ಕೆ ತಳ್ಳಿತು, ಹಳ್ಳ ಹೊಳೆಗೆ ಒಪ್ಪಿಸಿತು. ನೀರಿಳಿದಾಗ ದಂಡೆಯ ವಾಟೆಯ ಮೆಳೆಗಳಲ್ಲಿ ತೂಗುತ್ತಿರುವ ಚಿಂದಿಗಳು ಆ ಲೆಕ್ಕವನ್ನು ಒಪ್ಪಿಸುತ್ತವೆ.

ಕಾಫಿ ಬೆಳೆಯುವವರಾದ ನಮ್ಮ ಪಾಲು ಇನ್ನೊಂದಿದೆ. ಹಣ್ಣಿನ ಸಿಪ್ಪೆ ಸುಲಿದು, ಲೋಳೆ ತೊಳೆದು ಪಾರ್ಚ್‌ಮೆಂಟ್ ಮಾಡುವ ಪಲ್ಪಿಂಗ್ ಕೆಲಸ ನಡೆಯುವುದು ಮಳೆ ಹಿಂದೆ ಸರಿದು ಹಳ್ಳಗಳು ಬಡವಾಗುವ ಕಾಲದಲ್ಲಿ. ಸಿಹಿಯಾದ ಆ ಲೋಳೆ ನೀರಿನಲ್ಲಿ ಕೊಳೆಯುತ್ತಾ ನೀರಿನ ಪ್ರಾಣವಾಯುವನ್ನು ಹೀರುತ್ತದೆ. ನೀರು ಹುಳಿಯಾಗಿ ಕಪ್ಪಿಡುತ್ತದೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಕಡಮೆ ನೀರು ಬೇಡುವ ಪಲ್ಪರುಗಳು ಈಗ ಇವೆ. ತೊಳೆದ ನೀರನ್ನು ಹೊಂಡದಲ್ಲಿ ನಿಲ್ಲಿಸಿ, ಸುಣ್ಣದಿಂದ ಹುಳಿ ಮುರಿದು, ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಕಾಲಾವಕಾಶ ಕೊಡುವ ವಿಧಾನವೂ ತಿಳಿದದ್ದೇ. 1974ರ ಜಲಮಾಲಿನ್ಯ ಕಾಯಿದೆಯೂ ಉಂಟು. ಉಳಿದಿರುವುದು ನಮ್ಮ ಮನಸ್ಸು ಮಾತ್ರ.

ಪ್ರಯತ್ನಗಳು ನಡೆದೇ ಇವೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ‘ನಿರ್ಮಲ ತುಂಗಭದ್ರಾ ಅಭಿಯಾನ’ದ ಪಾದಯಾತ್ರಿಗಳು ನದಿಯನ್ನು ಅನುಸರಿಸಿ ನಡೆಯುತ್ತಾ ಊರೂರಿನಲ್ಲಿ ಜನರೊಡನೆ ಮಾತಾಡಿದರು. ಯಾತ್ರಾಸ್ಥಳಗಳ ಸ್ನಾನಘಟ್ಟದ ಸುತ್ತ ಸಾಬೂನು, ಶಾಂಪೂಗಳ ಮಾರಾಟವನ್ನು ತಡೆಯಬೇಕೆಂದು 2025ರಲ್ಲಿ ರಾಜ್ಯದ ಪರಿಸರ ಸಚಿವರು ಸೂಚಿಸಿದರು. ಹೊಳೆಗಿಳಿದು ಕಸ ಹೆಕ್ಕುವ ತರುಣರನ್ನು ಕಂಡರೆ ನನಗೆ ಗೌರವ. ಆದರೆ ಒಂದು ಭಾನುವಾರ ಹೆಕ್ಕಿದ್ದನ್ನು ಸೋಮವಾರದಿಂದ ಮತ್ತೆ ಸುರಿಯುತ್ತಿದ್ದರೆ ಆ ಶ್ರಮದಾನಕ್ಕೆ ಕೊನೆಯೆಲ್ಲಿ? ಹೊಳೆಯನ್ನು ತೊಳೆಯುವ ಕೆಲಸ ಹೊಳೆಯಲ್ಲಿ ಆರಂಭವಾಗಲಾರದು.

ಅದು ಆರಂಭವಾಗಬೇಕಾದದ್ದು ಮನೆಯಲ್ಲಿ. ಹಸಿ, ಒಣ, ಅಪಾಯದ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ವಾಹನ ನಡೆಸಲು ಕಲಿತು, ‘ಸ್ವಚ್ಛ ವಾಹಿನಿ’ಯಲ್ಲಿ ಒಣ ಕಸವನ್ನು ಸಂಗ್ರಹಿಸುತ್ತಿದ್ದಾರೆ. ನಮ್ಮ ಮನೆಗಳು ಬೆಟ್ಟಕ್ಕೊಂದು ಕಣಿವೆಗೊಂದು. ಪ್ರತಿ ಬಾಗಿಲಿಗೂ ಆ ವಾಹನ ಬರಲಾರದು, ನಿಜ. ಆದರೆ ತೊಳೆದು ಒಣಗಿಸಿದ ಪ್ಲಾಸ್ಟಿಕ್ಕು ನಾರುವುದಿಲ್ಲ. ಗೋಣಿಚೀಲದಲ್ಲಿ ತಿಂಗಳುಗಟ್ಟಲೆ ಕಾದಿರುತ್ತದೆ. ಪೇಟೆಗೆ ಹೋಗುವ ಜೀಪಿನಲ್ಲಿ ಅದಕ್ಕೂ ಒಂದಿಷ್ಟು ಜಾಗವಿರುತ್ತದೆ. ಹಂಡೆಯೊಲೆಗೆ ತುರುಕಿ ಸುಡುವುದಂತೂ ವಿಷವನ್ನು ನೀರಿನಿಂದ ತಪ್ಪಿಸಿ ಗಾಳಿಗೆ ಕೊಟ್ಟಂತೆ.

ಬೇರ್ಪಡಿಸದೆ ಕಟ್ಟಿಟ್ಟ ಚೀಲವನ್ನು ಕೊನೆಗೆ ಯಾರೋ ಬಿಚ್ಚಲೇಬೇಕು. ಒಡೆದ ಬಲ್ಬಿನ ಚೂರಿರುವ, ಹುಳಿತ ಅನ್ನವಿರುವ ಆ ಚೀಲಕ್ಕೆ ಕೈಹಾಕುವವಳು ದಿನಗೂಲಿಯ ಹೆಂಗಸು. ನಾವು ಎರಡು ನಿಮಿಷ ಉಳಿಸಿಕೊಂಡದ್ದು ಅವಳ ಕೈಯ ಗಾಯವಾಗುತ್ತದೆ. ಹೊಳೆಯ ಕೆಳಗಿನ ಊರುಗಳ ಮಾತೂ ಅಷ್ಟೆ. ಅಲ್ಲಿ ಕೊಡ ಹಿಡಿದು ನಿಂತವರ ಮುಖವನ್ನು ನಾವು ಕಂಡಿಲ್ಲ, ಅವರು ನಮ್ಮನ್ನು ಕಂಡಿಲ್ಲ. ನಾವು ಬಿಟ್ಟುಕೊಟ್ಟ ನೀರನ್ನೇ ಅವರು ನಂಬಿದ್ದಾರೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಸಮಿತಿ ಬೇಕಿಲ್ಲ, ಸಭೆ ಬೇಕಿಲ್ಲ. ನಾಳೆ ಬೆಳಿಗ್ಗೆ ಹಾಲಿನ ಪೊಟ್ಟಣವನ್ನು ಕತ್ತರಿಸುವಾಗಲೇ ಅದನ್ನು ತೊಡಗಬಹುದು.