ಅತಿವಾಸ್ತವದ ಚಿತ್ರಗಳೆದುರು



ಬೆಂಗಳೂರಿನಲ್ಲಿ ನಮ್ಮ ಸುಬ್ರಹ್ಮಣ್ಯಪುರದವರು ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿಳಿದು, ಅಲ್ಲಿಂದ ಆಟೋದಲ್ಲಿ ಅರಮನೆ ರಸ್ತೆಗೆ ಹೋದರೆ, 2009ರಲ್ಲಿ ಮಾಣಿಕ್ಯವೇಲು ಮೊದಲಿಯಾರರ ಹಳೆಯ ಬಂಗಲೆಯಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವನ್ನು ಕಾಣಬಹುದು. ಅಲ್ಲಿಗೆ ನನ್ನೊಡನೆ ಬಂದಿದ್ದ ನೆರೆಮನೆಯ ಹಿರಿಯರು ಅತಿವಾಸ್ತವದ ಒಂದು ವಿಚಿತ್ರ ಚಿತ್ರದೆದುರು ನಿಂತು, "ಇದರ ಅರ್ಥವೇನು ಸ್ವಾಮಿ?" ಎಂದರು. ಹಳೇಬೀಡಿನ ಗುಡಿಯ ಗೋಡೆಯ ಸಾಲಿನಲ್ಲಿ, ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಪುಚ್ಛಗಳನ್ನು ಒಂದೇ ದೇಹದಲ್ಲಿ ಧರಿಸಿದ ಮಕರವನ್ನು ಕಂಡಾಗ ಅವರು ಈ ಪ್ರಶ್ನೆಯನ್ನು ಕೇಳಿರಲಾರರು. ಏಕೆಂದರೆ ಮಕರವು ನಾಡಿಗೆಲ್ಲ ಪರಿಚಿತವಾದ ಕನಸು, ಅತಿವಾಸ್ತವವಾದಿಯದಾದರೋ ಒಬ್ಬನೇ ಕಂಡ ಕನಸು.

1924ರಲ್ಲಿ ಅತಿವಾಸ್ತವವಾದದ ಮುಂದಾಳು, ಪ್ಯಾರಿಸಿನ ಕವಿ ಆಂದ್ರೆ ಬ್ರೆತಾನ್, ಫ್ರಾಯ್ಡನ ಮನಶ್ಶಾಸ್ತ್ರದಿಂದ ಪ್ರೇರಿತನಾಗಿ, ಬುದ್ಧಿಯ ಕಾವಲನ್ನು ತೆಗೆದು ಕೈಯನ್ನು ಅಂತರಂಗದ ವಶಕ್ಕೆ ಒಪ್ಪಿಸಬೇಕೆಂದು ಘೋಷಿಸಿದನು. ಅದೇ ವರ್ಷ ದೂರದ ಅರ್ಜೆಂಟೀನದಲ್ಲಿ, ಅರುವತ್ತು ದಾಟಿದ್ದ ರವೀಂದ್ರನಾಥ ಠಾಕೂರರು, ಯಾವ ಘೋಷಣೆಯ ಹಂಗೂ ಇಲ್ಲದೆ, 'ಪೂರಬಿ' ಕವನಸಂಕಲನದ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಒಂದರೊಡನೊಂದು ಗೆರೆಯಿಂದ ಕೂಡಿಸುತ್ತ, ಆ ಮಸಿಯ ಕಲೆಗಳಿಂದಲೇ ಕೊಕ್ಕು, ಕಣ್ಣು, ಬಾಗಿದ ಕತ್ತುಗಳನ್ನು ಮೂಡಿಸುತ್ತಿದ್ದರು! ತಿದ್ದುಪಡಿಯೇ ಹಕ್ಕಿಯಾಯಿತು, ಹಕ್ಕಿಯೋ, ಮೃಗವೋ ಹೇಳಬರದು. ಆ ಹವ್ಯಾಸ ಬೆಳೆದು, 1930ರಲ್ಲಿ ಪ್ಯಾರಿಸಿನಲ್ಲೇ ಅವರ ಚಿತ್ರಪ್ರದರ್ಶನ ನಡೆಯಿತು. ನಮ್ಮ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹದಲ್ಲಿ ಅವರ ಚಿತ್ರಗಳು ಹಲವಿವೆ. ಕಂದು ಕಪ್ಪುಗಳ ನಡುವಿನಿಂದ ನಮ್ಮನ್ನೇ ದಿಟ್ಟಿಸುವ ಆ ನೀಳ್ಮೊಗದ ಸ್ತ್ರೀಯರನ್ನು ನೋಡಿದರೆ, ಕರಗುವ ಗಡಿಯಾರಗಳನ್ನು ನುಣುಪಾಗಿ ಬರೆದ ಅತಿವಾಸ್ತವವಾದಿ ಡಾಲಿಯ ಜಾಣತನಕ್ಕಿಂತ ಇದೇ ಹೆಚ್ಚು ಪ್ರಾಮಾಣಿಕವೆಂದು ನನಗೆ ತೋರುತ್ತದೆ, ಒಪ್ಪದವರೂ ಇದ್ದಾರು.

ಸಂಗ್ರಹಾಲಯದ ಅಂಗಳದ ಶಿಲ್ಪಗಳೆದುರು ಮಾತ್ರ ನಮ್ಮ ಜನ ಒಮ್ಮೆ ನಿಂತು, ಫೋಟೋ ತೆಗೆದು, ಮುಂದೆ ಸಾಗಿಬಿಡುತ್ತಾರೆ. ದೇವರ ಗುಡಿಯಲ್ಲಿ ಹಾಕುವ ಪ್ರದಕ್ಷಿಣೆಯನ್ನು ಇಲ್ಲಿಯೂ ಹಾಕಬಾರದೇಕೆ? ಮುಂದಿನಿಂದ ಬರಿಯ ಲೋಹದ ಮುದ್ದೆಯಾಗಿ ಕಂಡದ್ದು, ಪಕ್ಕಕ್ಕೆ ಸರಿದೊಡನೆ, ಮರದೆಲೆಗಳ ನೆರಳು ಮೈಮೇಲೆ ಆಡುತ್ತಿರಲಾಗಿ, ಬೆನ್ನು ಬಾಗಿಸಿದ ಮನುಷ್ಯನಂತೆ ತೋರಬಹುದು.

ಪಟದ ಕೆಳಗಣ ಹೆಸರುಚೀಟಿಯನ್ನು ಮೊದಲೇ ಓದಬೇಡಿರಿ. ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಅರ್ಥವೇನೆಂದು ಕೇಳುವ ಅವಸರ ಅವರಿಗಿರುವುದಿಲ್ಲ. ಸೋಮವಾರ ಅಲ್ಲಿ ರಜೆ.