ನಿಂತ ಗಾಡಿಯ ಎಣ್ಣೆ

ಪ್ರೌಢಶಾಲೆಯ ಕನ್ನಡ ಪಂಡಿತನಿಗೂ ಮೋಟಾರಿನ ಎಣ್ಣೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಎಣ್ಣೆಯ ವಿಚಾರದಲ್ಲಿ ನನಗೆ ಗೊತ್ತಿದ್ದದ್ದು ಆ ಪದದ ಹುಟ್ಟು ಮಾತ್ರ. ಎಳ್ಳಿನ 'ಎಳ್', ಹಳಗನ್ನಡದ 'ನೆಯ್' ಎರಡೂ ಕೂಡಿ ಎಣ್ಣೆಯಾಯಿತು. ಬಿಳುಪಿನ 'ಬೆಳ್' ಕೂಡಿದಾಗ ಬೆಣ್ಣೆಯಾಯಿತು. ಸಂಸ್ಕೃತದಲ್ಲಿ ಜಿಡ್ಡಿಗೂ ಅಕ್ಕರೆಗೂ 'ಸ್ನೇಹ' ಎಂಬ ಒಂದೇ ಮಾತು. ಎರಡು ವಸ್ತುಗಳು ಒಂದನ್ನೊಂದು ಉಜ್ಜಿ ಸವೆಯದಂತೆ ನಡುವೆ ನಿಲ್ಲುವುದೇ ಸ್ನೇಹವೆಂದು ಮಕ್ಕಳಿಗೆ ಪ್ರತಿವರ್ಷವೂ ಹೇಳುತ್ತ ಬಂದಿದ್ದೇನೆ. ಆದರೆ ಆ ಸ್ನೇಹವನ್ನು ಕಾಲಕಾಲಕ್ಕೆ ಹೊಸದು ಮಾಡಿಕೊಳ್ಳಬೇಕೆಂಬ ಪಾಠವನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಕಮಲಾಪುರದ ರಸ್ತೆ.

ಕಮಲಾಪುರ ನನ್ನ ಹುಟ್ಟೂರು. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಈಗ ತಾಲ್ಲೂಕು ಕೇಂದ್ರವೂ ಹೌದು. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು, ಮಹಾಗಾಂವ ಕ್ರಾಸ್ ದಾಟಿ ಮುಂದೆ ಹೋದರೆ ಸಿಗುತ್ತದೆ. ಒಂದು ತಾಸಿನೊಳಗಿನ ಹಾದಿ. ಅಲ್ಲಿ ಅಣ್ಣನ ಮನೆಯಲ್ಲಿ ಅವ್ವ ಇದ್ದಾಳೆ. ನನ್ನ ಶಾಲೆ, ಸಂಸಾರ ಎರಡೂ ಕಲಬುರಗಿಯಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದರೆ ಬಸ್ಸಿನ ದಾರಿ ಕಾಯುವಂತಾಗಬಾರದೆಂದು, ಯಾರೋ ಬಳಸಿ ಮಾರಿದ ಒಂದು ಸಣ್ಣ ಪೆಟ್ರೋಲ್ ಕಾರನ್ನು ಕೊಂಡೆ. ಅವ್ವನ ಸಲುವಾಗಿಯೇ ಕೊಂಡ ಗಾಡಿ ಅದು.

ಆದರೆ ಅದಕ್ಕೆ ಕೆಲಸವೇ ಇರಲಿಲ್ಲ. ಶಾಲೆಗೆ ನಡೆದೇ ಹೋಗುತ್ತೇನೆ. ಸೋಮವಾರಕ್ಕೊಮ್ಮೆ ಶರಣಬಸವೇಶ್ವರರ ಗುಡಿ, ತಿಂಗಳಿಗೆರಡು ಸಲ ಸೂಪರ್ ಮಾರ್ಕೆಟ್, ಇಷ್ಟೇ ಅದರ ಸಂಚಾರ. ಹೋಗುವುದು ಎರಡು ಕಿಲೋಮೀಟರು, ಬರುವುದು ಎರಡು ಕಿಲೋಮೀಟರು. ನಾಲ್ಕು ವರ್ಷ ಕಳೆದರೂ ಆರು ಸಾವಿರ ಕಿಲೋಮೀಟರು ತುಂಬಿರಲಿಲ್ಲ. ಗಾಡಿಯೊಡನೆ ಬಂದ ಪುಸ್ತಕದಲ್ಲಿ ಹತ್ತು ಸಾವಿರಕ್ಕೆ ಎಣ್ಣೆ ಬದಲಿಸಬೇಕೆಂದು ಓದಿದ ನೆನಪಿತ್ತು. ಇನ್ನೂ ಬಹಳ ದೂರವಿದೆಯೆಂದು ನಿಶ್ಚಿಂತನಾಗಿದ್ದೆ.

ಒಂದು ರಾತ್ರಿ ಅಣ್ಣ ಫೋನು ಮಾಡಿದ. "ತಮ್ಮಾ, ಅವ್ವಗ ಉಸಿರು ಹಿಡಿಲತ್ತದ, ಗಾಡಿ ತಗೊಂಡು ಲಗೂನ ಬಾ" ಎಂದ. ಹೊರಟೆ. ಮಹಾಗಾಂವ ಕ್ರಾಸ್ ಸಮೀಪಿಸುತ್ತಿದ್ದಂತೆ ಮುಂದಿನ ಫಲಕದಲ್ಲಿ ಎಣ್ಣೆ ಕುಡಿಕೆಯ ಚಿತ್ರವಿರುವ ಕೆಂಪು ದೀಪ ಹತ್ತಿತು. ಎಂಜಿನ್ನು ಕಟಕಟ ಸದ್ದು ಮಾಡಿತು. ಗಾಬರಿಯಲ್ಲಿಯೂ ಒಂದು ಒಳ್ಳೆಯ ಕೆಲಸ ಮಾಡಿದೆ: ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ನು ಬಂದು ಮಾಡಿದೆ. ಆ ದೀಪ ಹತ್ತಿದ ಮೇಲೆ ಇನ್ನು ಸ್ವಲ್ಪ ಹೋಗೋಣವೆಂದು ಹೋದವರ ಎಂಜಿನ್ನು ಉಳಿಯುವುದಿಲ್ಲ. ಅಣ್ಣ ನೆರೆಯವರ ಜೀಪಿನಲ್ಲಿ ಅವ್ವನನ್ನು ಕರೆದುಕೊಂಡು ಅದೇ ದಾರಿಯಲ್ಲಿ ಬಂದ. ಅವಳಿಗಾಗಿ ಕೊಂಡ ಕಾರು ಹಾದಿಯ ಮಗ್ಗುಲಲ್ಲಿ ನಿಂತಿತ್ತು. ನಾನು ಅದೇ ಜೀಪಿನ ಹಿಂಬದಿಯಲ್ಲಿ ಕುಳಿತು ಆಸ್ಪತ್ರೆಗೆ ಹೋದೆ. ದೇವರ ದಯೆಯಿಂದ ಅವ್ವ ಚೇತರಿಸಿಕೊಂಡಳು.

ಮರುದಿನ ಮಿಸ್ತ್ರಿ ಎಂಜಿನ್ನಿನ ತಳದ ತೊಟ್ಟಿಯನ್ನು ಬಿಚ್ಚಿ ತೋರಿಸಿದ. ಎಣ್ಣೆ ಇರಬೇಕಾದಲ್ಲಿ ಕೆರೆಯ ತಳದ ಹೂಳಿನಂಥ ಕರಿಯ ಮುದ್ದೆ ಇತ್ತು. ಎಣ್ಣೆಯನ್ನು ಮೇಲಕ್ಕೆ ಹೀರುವ ಕೊಳವೆಯ ಜಾಲರಿಯನ್ನು ಅದು ಮುಚ್ಚಿಬಿಟ್ಟಿತ್ತು.

"ಮಾಸ್ತರ್ರ, ಆಯಿಲ್ ಬದಲಿ ಮಾಡಿ ಎಷ್ಟ್ ದಿನಾ ಆಯ್ತರಿ?"

"ನಾಲ್ಕು ವರ್ಷ. ಆದರೆ ಗಾಡಿ ಓಡೇ ಇಲ್ಲಲ್ಲ?"

"ಓಡಿಲ್ಲಂತೇ ಹಿಂಗ ಆಗ್ಯದರಿ. ದಿನಾ ಬೀದರಿಗಿ ಹೋಗಿ ಬರೋ ಗಾಡಿದಾಗ ಇಂಥಾದು ನಾ ನೋಡಿಲ್ಲ."

ಮನೆಗೆ ಬಂದು ಪುಸ್ತಕ ತೆರೆದೆ. "೧೦,೦೦೦ ಕಿಲೋಮೀಟರು ಅಥವಾ ೧ ವರ್ಷ, ಯಾವುದು ಮೊದಲೋ ಅದು" ಎಂದಿತ್ತು. 'ಅಥವಾ' ಎಂಬ ಅವ್ಯಯವನ್ನು ಬಿಟ್ಟು ಓದಿದ್ದೆ. ಮಕ್ಕಳು ಹೀಗೆ ಓದಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಓಡದ ಗಾಡಿಯ ಎಣ್ಣೆ ಹೇಗೆ ಕೆಡುತ್ತದೆ? ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಹಿಂದಿನ ಕೊಳವೆಯಿಂದ ಹೊರಟುಹೋಗುತ್ತದೆ. ಎಂಜಿನ್ನು ತಣ್ಣಗಿದ್ದಾಗ ಸ್ವಲ್ಪ ಭಾಗವು ಪಿಸ್ಟನ್ನಿನ ಬಳೆಗಳ ಸಂದಿಯಿಂದ ಕೆಳಗಿಳಿದು ಎಣ್ಣೆಯನ್ನು ಸೇರುತ್ತದೆ. ಪೂರ್ತಿ ಉರಿಯದ ಪೆಟ್ರೋಲೂ ಅದರ ಜೊತೆಗೆ ಇಳಿಯುತ್ತದೆ. ಗಾಡಿ ದೂರ ಓಡಿದರೆ ಎಣ್ಣೆ ಚೆನ್ನಾಗಿ ಕಾದು ಈ ನೀರೂ ಪೆಟ್ರೋಲೂ ಆವಿಯಾಗಿ ಹೋಗುತ್ತವೆ. ಎರಡು ಕಿಲೋಮೀಟರು ಹೋಗಿ ನಿಲ್ಲಿಸಿದರೆ ಅಲ್ಲಿಯೇ ಉಳಿಯುತ್ತವೆ. ಫಲಕದ ಮೇಲಿನ ಶಾಖದ ಮುಳ್ಳು ಮೇಲೇರಿದ್ದನ್ನು ನಂಬಬೇಡಿ. ಅದು ಹೇಳುವುದು ರೇಡಿಯೇಟರಿನ ನೀರಿನ ಶಾಖವನ್ನು. ಎಣ್ಣೆ ಕಾಯಲು ಇನ್ನೂ ಹೆಚ್ಚು ಹೊತ್ತು ಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ ೨೦ರವರೆಗೆ ಎಥನಾಲ್ ಬೆರೆಸುತ್ತಾರೆ. ಅದಕ್ಕೆ ನೀರನ್ನು ಸೆಳೆದುಕೊಳ್ಳುವ ಗುಣವುಂಟು.

ಇನ್ನೊಂದು ಮಾತು. ಡಬ್ಬಿಯಲ್ಲಿ ಬರುವುದು ಬರಿಯ ಎಣ್ಣೆಯಲ್ಲ. ಕೊಳೆಯನ್ನು ತೊಳೆಯುವ, ಕಸವನ್ನು ಗಂಟುಗಟ್ಟದಂತೆ ತೇಲಿಸುವ, ಆಮ್ಲವನ್ನು ಶಮನ ಮಾಡುವ, ಸವೆತವನ್ನು ತಡೆಯುವ ದ್ರವ್ಯಗಳನ್ನು ಅದರಲ್ಲಿ ಕೂಡಿಸಿರುತ್ತಾರೆ. ನೀರು, ಆಮ್ಲ, ಗಾಳಿ ಇವುಗಳೊಡನೆ ಹೋರಾಡಿ ಈ ದ್ರವ್ಯಗಳು ಮುಗಿದುಹೋಗುತ್ತವೆ. ಆಮೇಲೆ ಉಳಿಯುವುದು ಜಿಡ್ಡು ಮಾತ್ರ, ಅದು ಹೂಳಾಗುತ್ತದೆ.

ನನ್ನ ಸಹೋದ್ಯೋಗಿಯೊಬ್ಬರು, "ಭೂಮಿಯೊಳಗೆ ಕೋಟ್ಯಂತರ ವರ್ಷ ಕೆಡದ ಎಣ್ಣೆ ನಿಮ್ಮ ಕಾರಿನಲ್ಲಿ ಒಂದೇ ವರ್ಷಕ್ಕೆ ಕೆಡುತ್ತದೆಯೇ?" ಎಂದು ಚೇಷ್ಟೆ ಮಾಡಿದರು. ಭೂಮಿಯೊಳಗೆ ಅದು ಬೆಂಕಿಯನ್ನು ಕಂಡಿರಲಿಲ್ಲ. ಮನೆಯ ಕುಸುಬಿ ಎಣ್ಣೆಯನ್ನೇ ನೋಡಿ. ಮುಚ್ಚಿದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬಾಣಲೆಯಲ್ಲಿ ಕಾಯಿಸಿ, ಹಿಟ್ಟು ನೀರು ತಾಗಿಸಿ ಹಾಗೆಯೇ ಇಟ್ಟರೆ ಎಷ್ಟು ದಿನ ಬಾಳುತ್ತದೆ? ಎಂಜಿನ್ನಿನಲ್ಲಿರುವುದು ಬಾಣಲೆಯ ಎಣ್ಣೆ.

ಹಾಗಾದರೆ ಯಾವಾಗ ಬದಲಿಸಬೇಕು? ಕಡಿಮೆ ಓಡುವ ಗಾಡಿಗೆ ಕಿಲೋಮೀಟರಿನ ಲೆಕ್ಕ ಬಿಟ್ಟು ಪಂಚಾಂಗದ ಲೆಕ್ಕ ಹಿಡಿಯಿರಿ. ಸಾವಿರ ಕಿಲೋಮೀಟರು ಓಡಿರಲಿ, ಎರಡು ಸಾವಿರ ಓಡಿರಲಿ, ವರ್ಷಕ್ಕೊಮ್ಮೆ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸಬೇಕು. ಓಡಾಟವೆಲ್ಲ ಗುಡಿ, ಸಂತೆಯಂಥ ಸಣ್ಣ ಹಾದಿಯದೇ ಆಗಿದ್ದರೆ ಆರು ತಿಂಗಳಿಗೆ ಬದಲಿಸುವುದು ಕ್ಷೇಮ. ಸಣ್ಣ ಓಡಾಟವನ್ನೂ ಧೂಳಿನ ದಾರಿಯನ್ನೂ ಅನೇಕ ಕಂಪನಿಗಳ ಪುಸ್ತಕಗಳು ಕಠಿಣ ಬಳಕೆಯೆಂದೇ ಎಣಿಸಿವೆ. ನಾವು ಗಾಡಿಯನ್ನು ಸುಖವಾಗಿ ಇಟ್ಟಿದ್ದೇವೆಂದು ತಿಳಿದಿರುತ್ತೇವೆ. ಪುಸ್ತಕ ಅದನ್ನೇ ಕಷ್ಟವೆನ್ನುತ್ತದೆ. ಸಿಂಥೆಟಿಕ್ ಎಣ್ಣೆ ಹೆಚ್ಚು ಬಾಳುವುದು ನಿಜ. ಆದರೆ ಅದರೊಳಕ್ಕೂ ನೀರು ಇಳಿಯುತ್ತದೆ. ಪುಸ್ತಕದ ಅವಧಿಯನ್ನು ಮೀರಬೇಡಿ. ತಿಂಗಳುಗಟ್ಟಲೆ ಗಾಡಿಯನ್ನು ನಿಲ್ಲಿಸುವುದಿದ್ದರೆ, ನಿಲ್ಲಿಸುವ ಮೊದಲೇ ಹೊಸ ಎಣ್ಣೆ ಹಾಕಿಸಿ. ಹಳೆಯ ಎಣ್ಣೆಯ ಆಮ್ಲವು ಬೇರಿಂಗುಗಳಿಗೆ ಅಂಟಿಕೊಂಡು ಕೂರುವುದು ಬೇಡ.

ವರ್ಷ ತುಂಬುವ ಮೊದಲೇ ಕೆಲವು ಲಕ್ಷಣಗಳು ಕಾಣಬಹುದು. ಎಣ್ಣೆ ತುಂಬುವ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ಇದ್ದರೆ ನೀರು ಸೇರಿದೆಯೆಂದರ್ಥ. ಎಣ್ಣೆ ಬದಲಿಸಿ, ಗಾಡಿ ಚೆನ್ನಾಗಿ ಓಡಿದ ಮೇಲೂ ಅದು ಮತ್ತೆ ಕಂಡರೆ ರೇಡಿಯೇಟರಿನ ನೀರೇ ಒಳಗೆ ಸೋರುತ್ತಿರಬಹುದು, ಮಿಸ್ತ್ರಿಗೆ ತೋರಿಸಿ. ಅಳತೆಯ ಕಡ್ಡಿಯಲ್ಲಿ ಪೆಟ್ರೋಲಿನ ವಾಸನೆ ಬಂದರೆ, ಎಣ್ಣೆಯ ಮಟ್ಟ ಇಳಿಯುವ ಬದಲು ಏರಿದ್ದರೆ ಪೆಟ್ರೋಲು ಬೆರೆತಿರಬಹುದು. ಬಣ್ಣ ಕಪ್ಪಾದದ್ದಕ್ಕೆ ಮಾತ್ರ ಹೆದರಬೇಡಿ. ಕೊಳೆಯನ್ನು ಹೊರುವುದು ಒಳ್ಳೆಯ ಎಣ್ಣೆಯ ಧರ್ಮವೇ.

ಅಂಗಳದಲ್ಲಿಯೇ ನಿಲ್ಲಿಸಿ ಬೆಳಿಗ್ಗೆ ಐದು ನಿಮಿಷ ಎಂಜಿನ್ನು ನಡೆಸಿ ಬಂದು ಮಾಡುವ ರೂಢಿ ಅನೇಕರಲ್ಲಿದೆ. ನನ್ನಲ್ಲಿಯೂ ಇತ್ತು. ಇದು ಉಪಕಾರವಲ್ಲ, ಎಣ್ಣೆಗೆ ದಿನವೂ ನೀರು ಬೆರೆಸಿದಂತೆ. ಅದರ ಬದಲು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅರ್ಧ ತಾಸಿಗೆ ಕಡಿಮೆಯಿಲ್ಲದಂತೆ ಓಡಿಸಿ.

ಸಣ್ಣ ಕಾರಿಗೆ ಸುಮಾರು ಮೂರು, ಮೂರೂವರೆ ಲೀಟರು ಎಣ್ಣೆ ಹಿಡಿಯುತ್ತದೆ. ಎಂಜಿನ್ನು ಬಿಚ್ಚಿಸಿದ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ. ತೆಗೆದ ಎಣ್ಣೆಯನ್ನು ಚರಂಡಿಗೆ, ಹೊಲಕ್ಕೆ ಸುರಿಯದೆ ಗ್ಯಾರೇಜಿನಲ್ಲಿಯೇ ಬಿಡಿ. ಅದು ನೆಲಕ್ಕೂ ನೀರಿಗೂ ವಿಷ.

ದಿನ ಮರೆಯದಿರಲು ನಾನು ಕಂಡುಕೊಂಡ ಉಪಾಯವೊಂದಿದೆ. ಮಹಾನವಮಿಯ ಖಂಡೆ ಪೂಜೆಗೆ ಗಾಡಿಯನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕುತ್ತೇವೆ. ನಾಲ್ಕು ವರ್ಷ ನಾನು ಮಾಲೆ ಹಾಕಿದ್ದು ಹೂಳು ತುಂಬಿದ ಎಂಜಿನ್ನಿಗೆ. ಈಗ ಖಂಡೆ ಪೂಜೆಯ ಹಿಂದಿನ ವಾರ ಎಣ್ಣೆ ಬದಲಿಸಿ, ತಾರೀಖನ್ನು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸುತ್ತೇನೆ. ಆರು ತಿಂಗಳಾಗಿ ಯುಗಾದಿ ಬಂದಾಗ, ನಮ್ಮ ಎಣ್ಣೆಸ್ನಾನದ ಹೊತ್ತಿಗೆ, ಗಾಡಿಗೂ ಮತ್ತೊಮ್ಮೆ.

ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ಓಡಿಸಬೇಕೆಂದೆನಲ್ಲ, ಅದಕ್ಕೂ ದಾರಿ ಸಿಕ್ಕಿದೆ. ಎರಡು ಭಾನುವಾರಕ್ಕೊಮ್ಮೆ ಕಮಲಾಪುರಕ್ಕೆ ಹೋಗಿ ಬರುತ್ತೇನೆ. "ಈಗೀಗ ಭಾಳ ಬರ್ಲತ್ತೀದಿ ನೋಡು" ಎಂದು ಅವ್ವ ಸಂತೋಷಪಡುತ್ತಾಳೆ. ಎಂಜಿನ್ನಿನ ಎಣ್ಣೆ ಕಾಯಿಸಲು ಬರುತ್ತೇನೆಂದು ಅವಳಿಗೆ ಹೇಳಿಲ್ಲ. ಈಗ ಅದು ಪೂರ್ತಿ ನಿಜವೂ ಅಲ್ಲ.