ಅವ್ವನ ನಿಂಬೆಗಿಡ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಿಮ್ಮ ಸಾಧನೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಂಘಟಕರು ಕೇಳಿದರು. ಬೆಂಗಳೂರಿನ ಕಂಪನಿಯೊಂದರಲ್ಲಿ ಲೆಕ್ಕ ನೋಡುವವನು ನಾನು. ಹೇಳಿಕೊಳ್ಳುವಂಥ ಸಾಧನೆ ಇಲ್ಲ. ಒಂದು ನಿಂಬೆಗಿಡವನ್ನು ಸಾಯುವ ಹಂತಕ್ಕೆ ತಂದು ಮತ್ತೆ ಉಳಿಸಿಕೊಂಡಿದ್ದೇನೆ. ಅದನ್ನೇ ಹೇಳುತ್ತೇನೆ.

ಆ ಗಿಡ ಈ ಶಾಲೆಯದೇ. 1998ರಲ್ಲಿ ನಾನು ಒಂಬತ್ತನೇ ತರಗತಿ. ವಿಜ್ಞಾನದ ಸರ್ ನಮ್ಮ ಕೈಯಲ್ಲಿ ನಿಂಬೆ ಬೀಜ ಹಾಕಿಸಿದರು. ಬೀಜ ಒಣಗಬಾರದು, ಹಣ್ಣಿನಿಂದ ತೆಗೆದ ಕೂಡಲೇ ಊರಬೇಕು ಎಂದರು. ಒಂದೇ ಬೀಜದಿಂದ ಎರಡು ಮೊಳಕೆ ಬಂದಾಗ ನಾವು ಬೆರಗಾಗಿ ನೋಡಿದ್ದೆವು. ನನ್ನ ಪಾಲಿನ ಸಸಿಯನ್ನು ಅವ್ವ ಹಿತ್ತಲಲ್ಲಿ ಬಿಸಿಲು ಬೀಳುವ ಕಡೆ ನೆಟ್ಟಳು. ಐದನೇ ವರ್ಷಕ್ಕೆ ಕಾಯಿ ಬಿಟ್ಟಿತು. ಅಷ್ಟರಲ್ಲಿ ನಾನು ಊರು ಬಿಟ್ಟಿದ್ದೆ.

ರಜೆಗೆ ಬಂದಾಗಲೆಲ್ಲ ಅವ್ವನ ಜೊತೆ ನನ್ನದೊಂದು ಜಗಳ. ಅವಳು ಬುಡಕ್ಕೆ ನೀರು ಹಾಕುತ್ತಿರಲಿಲ್ಲ, ದೂರದಲ್ಲಿ ಸುತ್ತಲೂ ಚೆಲ್ಲುತ್ತಿದ್ದಳು. ಗೊಬ್ಬರವೂ ಅಲ್ಲಿಯೇ. ವರ್ಷದಲ್ಲಿ ಕೆಲವು ವಾರ ನೀರೇ ಇಲ್ಲ. ಎಲೆ ಬಾಡಿ ನಿಂತಿರುತ್ತಿತ್ತು. "ವಯಸ್ಸಾಯ್ತು ನಿನಗೆ, ಗಿಡ ಒಣಗಿಸ್ತಿದ್ದೀಯ" ಎಂದು ಒಮ್ಮೆ ಗದರಿಸಿದೆ. ಅವಳು ಏನೂ ಹೇಳಲಿಲ್ಲ.

2020ರಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಬಂದು ಇಲ್ಲಿಂದಲೇ ಕೆಲಸ ಮಾಡತೊಡಗಿದೆ. ಮರುವರ್ಷ ಅವ್ವ ತೀರಿಕೊಂಡಳು. ಅವಳ ಗಿಡವನ್ನಾದರೂ ಚೆನ್ನಾಗಿ ನೋಡಿಕೊಳ್ಳಬೇಕು ಅನ್ನಿಸಿತು. ದಿನಾ ಎರಡು ಬಕೆಟ್ ನೀರು, ಬುಡಕ್ಕೇ. ಕೊಟ್ಟಿಗೆ ಗೊಬ್ಬರವನ್ನೂ ಕಾಂಡಕ್ಕೆ ಒತ್ತಿ ರಾಶಿ ಹಾಕಿದೆ. ನಮ್ಮೂರಿನದು ಎರೆ ಮಣ್ಣು, ನೀರು ಬೇಗ ಇಳಿಯುವುದಿಲ್ಲ. ಎರಡನೇ ಮಳೆಗಾಲದ ಹೊತ್ತಿಗೆ ಎಲೆ ಹಳದಿಯಾಗಿ ಉದುರಿದವು. ಬುಡದ ತೊಗಟೆ ಬಿರಿದು ಅಂಟು ಸುರಿಯಿತು. ಕಡಿದುಬಿಡು ಎಂದರು ಪಕ್ಕದವರು.

ಕೊಡಲಿ ತರುವ ಮೊದಲು ನಿವೃತ್ತರಾಗಿದ್ದ ನಮ್ಮ ಸರ್ ಅವರನ್ನು ಕರೆತಂದೆ. ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರು ಬುಡದ ಗೊಬ್ಬರ ಸರಿಸಿ, ಕೊಳೆತ ಬೇರು ತೋರಿಸಿ, ಯಾರು ಇಷ್ಟು ನೀರು ಹಾಕಿದ್ದು ಎಂದು ಕೇಳಿದರು. ನಾನೇ ಎಂದೆ. ನಿಂಬೆಯ ಬೇರಿಗೆ ಗಾಳಿ ಬೇಕು. ನೀರು ನಿಂತ ಕಡೆ ಶಿಲೀಂಧ್ರ ಬೆಳೆದು ಬುಡ ಕೊಳೆಯುತ್ತದೆ, ಅದೇ ಅಂಟು ರೋಗ ಎಂದು ವಿವರಿಸಿದರು. ನೀರು ಹೀರುವ ಎಳೆಬೇರುಗಳು ಕೊಂಬೆಗಳ ನೆರಳಿನ ಅಂಚಿನವರೆಗೂ ಹರಡಿರುತ್ತವೆ, ಅದಕ್ಕೇ ದೂರದಲ್ಲಿ ಹಾಕಬೇಕು. ಕೆಲವು ವಾರ ನೀರು ನಿಲ್ಲಿಸಿ ಮತ್ತೆ ಕೊಟ್ಟರೆ ಗಿಡ ಚಿಗುರಿ ಹೂ ಬಿಡುತ್ತದೆ. ಅವ್ವ ಮಾಡುತ್ತಿದ್ದುದು ಇದನ್ನೇ. ಅವಳಿಗೆ ಹೇಳಲು ಈಗ ಅವಳಿಲ್ಲ.

ಕೊಳೆತ ತೊಗಟೆಯನ್ನು ಚಾಕುವಿನಿಂದ ಹೆರೆದೆವು. ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಅರ್ಧರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಬೆರೆಸಿ, ಆ ಬೋರ್ಡೋ ಮುಲಾಮನ್ನು ಗಾಯಕ್ಕೆ ಬಳಿದೆವು. ಒಣಗಿದ ಒಂದು ದೊಡ್ಡ ಕೊಂಬೆ ಕಡಿಯಲೇಬೇಕಾಯಿತು. ಬುಡಕ್ಕೆ ಮಣ್ಣಿನ ದಿಬ್ಬ ಕಟ್ಟಿ, ಅದರಾಚೆ ನೀರಿಗೆ ಪಾತಿ ಮಾಡಿದೆವು. ಆಮೇಲೆ ನನ್ನ ಕೆಲಸ ಸುಮ್ಮನಿರುವುದು. ಅದೇ ಕಷ್ಟವಾಯಿತು. ಬಕೆಟ್ ಹಿಡಿದು ಹಿತ್ತಲಿಗೆ ಹೋಗಿ ಹಾಗೇ ವಾಪಸ್ಸು ಬಂದ ದಿನಗಳೂ ಇವೆ.

ಎರಡು ವರ್ಷದ ನಂತರ ಹೂ ಬಂತು. ಅದಾಗಿ ಆರನೇ ತಿಂಗಳಿಗೆ ಅವ್ವನ ಭರಣಿ ತುಂಬ ಉಪ್ಪಿನಕಾಯಿ ಹಾಕಿದೆವು. ಮೊದಲ ಬಟ್ಟಲು ಸರ್ ಮನೆಗೆ ಹೋಯಿತು.

ಇವತ್ತು ಆ ಗಿಡದ ಹಣ್ಣಿನ ಬೀಜದಿಂದ ಮಾಡಿದ ಇಪ್ಪತ್ತು ಸಸಿ ತಂದಿದ್ದೇನೆ, ಹೊರಗೆ ಬೇವಿನ ಮರದ ಕೆಳಗೆ ಇಟ್ಟಿದ್ದೇನೆ. ಮಕ್ಕಳೇ, ಒಂದೊಂದು ಒಯ್ಯಿರಿ. ಎರಡು ಅಡಿ ಗುಂಡಿ ತೆಗೆಯಿರಿ, ನೀರು ನಿಲ್ಲದ, ಬಿಸಿಲಿನ ಜಾಗವಿರಲಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಂಡರೆ ಹತ್ತಿರ ಹೋಗಿ ನೋಡಿ, ಅದು ನಿಂಬೆ ಚಿಟ್ಟೆಯ ಮರಿಹುಳು, ಕೈಯಿಂದಲೇ ತೆಗೆಯಬಹುದು. ಹಣ್ಣಿಗೆ ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ನೀವು ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟಿರಬಹುದು. ಮನೆಯಲ್ಲಿ ಗಿಡ ನೋಡಿಕೊಳ್ಳುವವರು ನೀರು ಹಾಕದೆ ಸುಮ್ಮನಿದ್ದರೆ ಗದರಿಸಬೇಡಿ. ಯಾಕೆ ಎಂದು ಒಮ್ಮೆ ಕೇಳಿ.